ಸೋವಿಯತ್ ಸಾಮ್ರಾಜ್ಯದ ಖರ್ಚು ಕೊಟ್ಟವರು ಯಾರು?

ಸ್ನೇಹಿತರೇ, ಮಾತನ್ನು ಕಾರವಾರದಿಂದಲೇ ಶುರು ಮಾಡುತ್ತೇನೆ. ನಮ್ಮ ನೌಕಾಪಡೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಮಾದಿತ್ಯ ನಿಮಗೆಲ್ಲ ಗೊತ್ತು. ಕಾರವಾರದ ಕದಂಬ ನೌಕಾನೆಲೆಯೇ ಅದರ ಮನೆ. 2013ರ ನವೆಂಬರ್‌ನಲ್ಲಿ ಅದು ನಮ್ಮದಾಯಿತು. ಅದಕ್ಕೆ ಮುಂಚೆ ಅದರ ಹೆಸರು ಅಡ್ಮಿರಲ್ ಗೋರ್ಷ್ಕೋವ್. ಅದಕ್ಕೂ ಮುಂಚೆ ಬಾಕು.

ಈ ಹಡಗು ಹುಟ್ಟಿದ್ದು ಈಗಿನ ಉಕ್ರೇನಿನ ಮೈಕೊಲಾಯಿವ್ ಊರಿನಲ್ಲಿ. 1978ರಲ್ಲಿ ಕಟ್ಟಲು ಶುರು ಮಾಡಿದರು. ಸೇನೆಗೆ ಸೇರಿದ್ದು 1987ರ ಕೊನೆಗೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದನ್ನು ಕಟ್ಟಿಸಿದ ದೇಶ, ಸೋವಿಯತ್ ಒಕ್ಕೂಟವೇ ಇರಲಿಲ್ಲ. 1994ರಲ್ಲಿ ಬಾಯ್ಲರ್ ಕೋಣೆಯಲ್ಲಿ ಸ್ಫೋಟವಾಯಿತು. 1996ರಲ್ಲಿ ಸೇವೆಯಿಂದ ತೆಗೆದೇಬಿಟ್ಟರು. ರಷ್ಯಾದವರು ನಮಗೆ ಕೊಡುವಾಗ ಹಡಗು ಪುಕ್ಕಟೆ, ರಿಪೇರಿ ಖರ್ಚು ಮಾತ್ರ ಕೊಡಿ ಅಂದರು. 2004ರ ಒಪ್ಪಂದದಲ್ಲಿ ಆ ಖರ್ಚು ಸುಮಾರು 97 ಕೋಟಿ ಡಾಲರ್. ಕೊನೆಗೆ ಅದು 235 ಕೋಟಿ ಡಾಲರಿಗೆ ಹೋಗಿ ನಿಂತಿತು.

ಅದೇ ಜಾತಿಯ ಇನ್ನೂ ಮೂರು ಹಡಗುಗಳಿದ್ದವು. ಕೀವ್ ಮತ್ತು ಮಿನ್ಸ್ಕ್ ಚೀನಾಕ್ಕೆ ಹೋಗಿ ಟಿಕೆಟ್ ತಗೊಂಡು ನೋಡುವ ಪ್ರವಾಸಿ ತಾಣಗಳಾದವು. ನೊವೊರೊಸಿಸ್ಕ್ ಅನ್ನು ಕೊರಿಯಾದಲ್ಲಿ ಗುಜರಿಗೆ ಹಾಕಿದರು. ಮೈಕೊಲಾಯಿವ್ ಊರಿನ ಅದೇ ಹಡಗುಕಟ್ಟೆಯಲ್ಲಿ ಅರ್ಧಕ್ಕೆ ನಿಂತಿದ್ದ ವರ್ಯಾಗ್ ಅನ್ನು 1998ರಲ್ಲಿ ಉಕ್ರೇನ್ 2 ಕೋಟಿ ಡಾಲರಿಗೆ ಮಾರಿತು. ಇವತ್ತು ಅದು ಚೀನಾದ ಮೊದಲ ವಿಮಾನವಾಹಕ ಲಿಯಾವೊನಿಂಗ್. ಅಣುಶಕ್ತಿಯಿಂದ ಓಡಬೇಕಿದ್ದ ಉಲ್ಯಾನೊವ್ಸ್ಕ್ ನೀರಿಗಿಳಿಯಲೇ ಇಲ್ಲ. 1992ರಲ್ಲಿ ಕಟ್ಟೆಯ ಮೇಲೇ ಅದನ್ನು ತುಂಡು ಮಾಡಿದರು.

ಸಾವಿರಾರು ಜನ ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ಹಡಗುಗಳು ಇವು. ದೇಶದ ಅತ್ಯುತ್ತಮ ಉಕ್ಕು, ಅತ್ಯುತ್ತಮ ಎಂಜಿನಿಯರುಗಳು ಇವಕ್ಕೆ ಹೋದರು. ಈ ಖರ್ಚು ಎಲ್ಲಿಂದ ಬಂತು, ಯಾರ ಪಾಲಿನಿಂದ ಕಿತ್ತುಕೊಂಡಿದ್ದು, ಇವತ್ತು ನಾನು ಹೇಳಬೇಕಾಗಿರುವುದು ಅದನ್ನೇ.

ಮೊದಲಿಗೆ ಒಂದು ವಿಷಯ. ಸೇನೆಯ ಖರ್ಚು ಎಷ್ಟು ಅಂತ ಆ ದೇಶದ ನಾಯಕರಿಗೇ ಸರಿಯಾಗಿ ಗೊತ್ತಿರಲಿಲ್ಲ. ಇದು ಉತ್ಪ್ರೇಕ್ಷೆ ಅಲ್ಲ. ಆಂಡ್ರೊಪೊವ್ ದೇಶದ ಮುಖ್ಯಸ್ಥರಾಗಿದ್ದಾಗ ಮುಂದೆ ದೇಶದ ನಾಯಕರಾದ ಗೋರ್ಬಚೇವ್ ಮತ್ತು ಪ್ರಧಾನಿಯಾದ ರಿಷ್ಕೋವ್ ಇಬ್ಬರಿಗೂ ಆರ್ಥಿಕ ಸುಧಾರಣೆಯ ಕೆಲಸ ವಹಿಸಿದ್ದರು. ಇಬ್ಬರೂ ಹೋಗಿ ಬಜೆಟ್ ಪೂರ್ತಿ ನೋಡಬೇಕು ಅಂತ ಕೇಳಿದರು. ಆಂಡ್ರೊಪೊವ್ ನಕ್ಕುಬಿಟ್ಟರಂತೆ. ನೀವು ಕೇಳುತ್ತಿರುವುದು ಜಾಸ್ತಿಯಾಯಿತು, ಬಜೆಟ್ ಕಡೆ ಬರಬೇಡಿ ಅಂದರಂತೆ. ಇದನ್ನು ಆಮೇಲೆ ಗೋರ್ಬಚೇವ್ ಅವರೇ ಹೇಳಿಕೊಂಡಿದ್ದಾರೆ. ಯೋಚನೆ ಮಾಡಿ, ಇವರಿಬ್ಬರೂ ಪಕ್ಷದ ತುತ್ತತುದಿಯಲ್ಲಿದ್ದವರು. ದೇಶದ ಆರ್ಥಿಕತೆ ಸರಿ ಮಾಡಿ ಅಂತ ಹೇಳಿದವರೇ ಲೆಕ್ಕದ ಪುಸ್ತಕ ಮುಚ್ಚಿಟ್ಟರು.

ಹೊರಗಿನ ಜನಕ್ಕೆ ಹೇಳುತ್ತಿದ್ದ ರಕ್ಷಣಾ ಬಜೆಟ್ 2,020 ಕೋಟಿ ರೂಬಲ್. 1989ರ ಮೇ ತಿಂಗಳಲ್ಲಿ ಗೋರ್ಬಚೇವ್ ಜನಪ್ರತಿನಿಧಿಗಳ ಸಭೆಯಲ್ಲಿ ನಿಂತು ನಿಜವಾದ ಅಂಕಿ 7,730 ಕೋಟಿ ಅಂದರು. ಒಂದೇ ದಿನದಲ್ಲಿ ನಾಲ್ಕು ಪಟ್ಟು. ಮರುವರ್ಷ ಉರಾಲ್ ಕಡೆಯ ನಿಜ್ನಿ ತಗೀಲ್‌ಗೆ ಹೋದಾಗ, ರಾಷ್ಟ್ರೀಯ ಆದಾಯದ ಶೇ 18ರಷ್ಟು ಸೇನೆಗೆ ಹೋಗುತ್ತಿದೆ ಅಂತ ಹೇಳಿದರು. ಹೋಲಿಕೆಗೆ ಹೇಳುತ್ತೇನೆ, ರೇಗನ್ ಕಾಲದ ಅಮೆರಿಕ ತನ್ನ ಉತ್ಪನ್ನದ ಶೇ 6ರ ಆಸುಪಾಸು ಖರ್ಚು ಮಾಡುತ್ತಿತ್ತು. ಎರಡೂ ದೇಶದವರು ಆದಾಯ ಲೆಕ್ಕ ಹಾಕುವ ರೀತಿ ಬೇರೆ, ಆದ್ದರಿಂದ ಅಂಕಿಗೆ ಅಂಕಿ ಜೋಡಿಸುವುದು ಪೂರ್ತಿ ಸರಿಯಲ್ಲ. ಆದರೂ ಅಂತರ ಕಣ್ಣಿಗೆ ಹೊಡೆಯುತ್ತದೆ. ಯಾಕೆಂದರೆ ಸೋವಿಯತ್ ಆರ್ಥಿಕತೆ ಅಮೆರಿಕದ ಅರ್ಧದಷ್ಟೋ, ಅದಕ್ಕಿಂತ ಕಡಿಮೆಯೋ ಇತ್ತು. ಅಷ್ಟರಲ್ಲೇ ಸರಿಸಮ ನಿಲ್ಲಬೇಕು ಅಂದರೆ ಪ್ರತಿ ಮನೆಯಿಂದಲೂ ಜಾಸ್ತಿ ಕಿತ್ತುಕೊಳ್ಳಲೇಬೇಕು.

ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕೂಡ ಇಲ್ಲಿ ಎಡವಿತ್ತು. ಮೊದಲು ಶೇ 6ರಿಂದ 8 ಅಂತ ಹೇಳುತ್ತಿದ್ದವರು 1976ರಲ್ಲಿ ಶೇ 11ರಿಂದ 13 ಅಂತ ತಿದ್ದಿದರು. ಸೋವಿಯತ್ ಸೇನೆ ದಿಢೀರ್ ಅಂತ ಹಿಗ್ಗಿರಲಿಲ್ಲ. ಅದೇ ಆಯುಧಗಳನ್ನು ಮಾಡಲು ಅವರಿಗೆ ತಗಲುತ್ತಿದ್ದ ಖರ್ಚು ಮುಂಚೆ ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟು ಅಂತ ಆಗ ಗೊತ್ತಾಯಿತು, ಅಷ್ಟೆ.

ರೂಬಲ್ ಲೆಕ್ಕವನ್ನು ಇಲ್ಲಿಗೆ ಬಿಡೋಣ. ನಿಜವಾದ ಹೊರೆ ಕಾಣಬೇಕಾದರೆ ಕಾರ್ಖಾನೆಯ ಒಳಗೆ ಹೋಗಬೇಕು.

ಸೇನೆಗೆ ಸಾಮಾನು ಮಾಡುವ ಪ್ರತಿ ಕಾರ್ಖಾನೆಯಲ್ಲೂ ಸೇನೆಯ ಒಬ್ಬ ಪ್ರತಿನಿಧಿ ಕೂತಿರುತ್ತಿದ್ದ. ವೊಯೆನ್‌ಪ್ರೆಡ್ ಅಂತ ಕರೆಯುತ್ತಿದ್ದರು. ಅವನ ಸಂಬಳ ಕಾರ್ಖಾನೆಯದಲ್ಲ, ಸೇನೆಯದು. ಹಾಗಾಗಿ ಮ್ಯಾನೇಜರ್ ಮಾತಿಗೆ ಅವನು ಸೊಪ್ಪು ಹಾಕಬೇಕಿರಲಿಲ್ಲ. ಟ್ರಾನ್ಸಿಸ್ಟರೋ ಬಿಡಿಭಾಗವೋ ತಯಾರಾಗಿ ಬಂದರೆ ಮೊದಲು ಅವನ ಮೇಜಿಗೆ. ಅವನು ಪರೀಕ್ಷೆ ಮಾಡಿ ಒಳ್ಳೆಯದನ್ನು ಆರಿಸಿಕೊಂಡು ಮುದ್ರೆ ಒತ್ತುತ್ತಿದ್ದ. ಅವನು ಬೇಡ ಅಂದದ್ದು ಜನರ ರೇಡಿಯೋಗೆ, ಜನರ ಟಿವಿಗೆ ಹೋಗುತ್ತಿತ್ತು. ಸೋವಿಯತ್ ಕಲರ್ ಟಿವಿಗಳಿಗೆ ಮನೆಯೊಳಗೇ ಬೆಂಕಿ ಹತ್ತಿಕೊಳ್ಳುವುದು 80ರ ದಶಕದಲ್ಲಿ ಅಲ್ಲಿನ ಪತ್ರಿಕೆಗಳಲ್ಲೇ ದೊಡ್ಡ ದೂರಾಗಿತ್ತು. ಅದೇ ದೇಶದ ಕ್ಷಿಪಣಿ ಹೇಳಿದ ಜಾಗಕ್ಕೆ ಹೋಗಿ ಬೀಳುತ್ತಿತ್ತು. ಕೆಲಸ ಗೊತ್ತಿಲ್ಲದ ಜನ ಅವರಲ್ಲ. ಒಳ್ಳೆಯದೆಲ್ಲ ಒಂದೇ ಬಾಗಿಲಿನಿಂದ ಆಚೆ ಹೋಗುತ್ತಿತ್ತು.

ಎಂಜಿನಿಯರುಗಳ ಕಥೆಯೂ ಇದೇ. ಚುರುಕಾದ ಹುಡುಗ ಹುಡುಗಿಯರನ್ನು ಓದು ಮುಗಿಯುತ್ತಿದ್ದಂತೆ ರಕ್ಷಣಾ ಸಂಸ್ಥೆಗಳು ಆರಿಸಿಕೊಳ್ಳುತ್ತಿದ್ದವು. ಕೆಲವರು ನಕ್ಷೆಯಲ್ಲೇ ಇಲ್ಲದ ಊರುಗಳಿಗೆ ಹೋದರು. ಅರ್ಜಮಾಸ್–16, ಚೆಲ್ಯಾಬಿನ್ಸ್ಕ್–70, ಹೀಗೆ ಬರೀ ಅಂಚೆ ನಂಬರಿನ ಹೆಸರು ಆ ಊರುಗಳಿಗೆ. ಅಣುಬಾಂಬಿನ ಕೆಲಸ ಅಲ್ಲಿ. ಅಲ್ಲಿ ಅಂಗಡಿಗಳಲ್ಲಿ ಮಾಂಸ ಸಿಗುತ್ತಿತ್ತು, ಮನೆ ಸಿಗುತ್ತಿತ್ತು. ಹೊರಗಿನ ಹಳ್ಳಿಯ ಹೈನುಗಾರಿಕೆಗೆ, ರೈಲಿಗೆ, ಆಸ್ಪತ್ರೆಯ ಯಂತ್ರಕ್ಕೆ ಆ ತಲೆಗಳು ಸಿಗಲಿಲ್ಲ. ಈ ನಷ್ಟವನ್ನು ಯಾವ ಬಜೆಟ್ಟಿನಲ್ಲೂ ಬರೆಯಲಾಗುವುದಿಲ್ಲ, ಅಲ್ವಾ?

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ನಿಮ್ಮ ನಾಲಿಗೆ ತುದಿಗೆ ಬಂದಿರಬಹುದು. ಆದರೆ ಅದು ಇಲ್ಲಿಗೆ ಒಪ್ಪುವುದಿಲ್ಲ. ಇದು ಶೋಕಿ ಅಲ್ಲ, ಹೆದರಿಕೆ. 1941ರ ಜೂನ್‌ನಲ್ಲಿ ಹಿಟ್ಲರನ ಸೇನೆ ನುಗ್ಗಿದಾಗ ಆ ದೇಶ ತಯಾರಿರಲಿಲ್ಲ. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 2 ಕೋಟಿ 70 ಲಕ್ಷ ಜನ ಸತ್ತಿದ್ದರು. ಸಾವು ಕಾಣದ ಮನೆ ಇರಲಿಲ್ಲ ಅಂತಲೇ ಹೇಳಬೇಕು. ಏನು ಬೇಕಾದರೂ ತಡೆದುಕೊಳ್ಳೋಣ, ಮತ್ತೆ ಯುದ್ಧ ಮಾತ್ರ ಬೇಡ ಅಂತ ಅಜ್ಜಿಯರು ಕ್ಯೂನಲ್ಲಿ ನಿಂತು ಹೇಳುತ್ತಿದ್ದರು. ಆ ಮಾತು ನಿಜವಾದ ನೋವಿನಿಂದ ಬಂದದ್ದು. ಅದಕ್ಕೆ ನಾನು ತಲೆ ಬಾಗುತ್ತೇನೆ. ನನ್ನ ಸಿಟ್ಟು ಇರುವುದು ಆ ನೋವನ್ನು ಬಳಸಿಕೊಂಡು 50,000ಕ್ಕೂ ಜಾಸ್ತಿ ಟ್ಯಾಂಕು, 40,000ದಷ್ಟು ಅಣು ಸಿಡಿತಲೆ ಪೇರಿಸಿದವರ ಮೇಲೆ. ಇಷ್ಟು ಸಾಕು ಅಂತ ಒಬ್ಬರೂ ಹೇಳಲಿಲ್ಲ. ಹೇಳುವ ಜಾಗವೂ ಇರಲಿಲ್ಲ. ಪ್ರಶ್ನೆ ಕೇಳುವ ಸಂಸತ್ತಿಲ್ಲ, ಬರೆಯುವ ಪತ್ರಿಕೆ ಇಲ್ಲ.

ಈಗ ಸಾಮ್ರಾಜ್ಯದ ಮಾತಿಗೆ ಬರೋಣ. ನಮಗೆ ಗೊತ್ತಿರುವ ಸಾಮ್ರಾಜ್ಯ ಬ್ರಿಟಿಷರದು. ಇಲ್ಲಿಂದ ಹತ್ತಿ, ಚಿನ್ನ, ಕಂದಾಯ ಅತ್ತ ಹೋಯಿತು. ಸೋವಿಯತ್ ಸಾಮ್ರಾಜ್ಯವೂ ಶುರುವಿನಲ್ಲಿ ಹಾಗೇ ಇತ್ತು. ಯುದ್ಧ ಮುಗಿದ ಮೇಲೆ ಪೂರ್ವ ಜರ್ಮನಿಯ ಕಾರ್ಖಾನೆಗಳನ್ನು ಬಿಚ್ಚಿ, ರೈಲು ಹಳಿ ಸಮೇತ ಹೊತ್ತುಕೊಂಡು ಹೋದರು. ಸ್ಟಾಲಿನ್ ಸತ್ತ ಮೇಲೆ ಗಾಳಿ ತಿರುಗಿತು. 1953ರಲ್ಲಿ ಬರ್ಲಿನ್, 1956ರಲ್ಲಿ ಹಂಗೆರಿ, 1968ರಲ್ಲಿ ಜೆಕೊಸ್ಲೊವಾಕಿಯಾ. ಜನ ಬೀದಿಗಿಳಿದ ಕಡೆಯೆಲ್ಲ ಟ್ಯಾಂಕ್ ಕಳಿಸಿದರು. ಆದರೆ ಟ್ಯಾಂಕ್ ಇಟ್ಟುಕೊಂಡೇ ದಿನಾ ಆಳುವುದಕ್ಕಾಗುವುದಿಲ್ಲ. ಜನ ಸುಮ್ನೆ ಇರಬೇಕಾದರೆ ಅಂಗಡಿಯಲ್ಲಿ ಸಾಮಾನು ಇರಬೇಕು. ಹಾಗಾಗಿ ಸರಕು ಮಾಸ್ಕೋದಿಂದ ಆಚೆಗೆ ಹರಿಯತೊಡಗಿತು. ಆಳುವವರಿಗಿಂತ ಆಳಿಸಿಕೊಂಡವರೇ ಚೆನ್ನಾಗಿ ಉಂಡ ಸಾಮ್ರಾಜ್ಯ ಅದು. ಮಾಸ್ಕೋದಿಂದ ಪ್ರಾಗ್‌ಗೋ ಬುಡಾಪೆಸ್ಟ್‌ಗೋ ಹೋದ ರಷ್ಯನ್ನರು ಅಲ್ಲಿನ ಅಂಗಡಿ ನೋಡಿ ದಂಗಾಗುತ್ತಿದ್ದರು.

ಮುಖ್ಯವಾಗಿ ಹರಿದದ್ದು ಕಚ್ಚಾ ತೈಲ. ತಾತಾರ್‌ಸ್ತಾನದಿಂದ ಪೂರ್ವ ಯುರೋಪಿನವರೆಗೆ 4,000 ಕಿಲೋಮೀಟರ್ ಉದ್ದದ ಡ್ರೂಜ್ಬಾ ಪೈಪ್‌ಲೈನ್ 1964ರಲ್ಲಿ ತಯಾರಾಯಿತು. 1973ರಲ್ಲಿ ಜಗತ್ತಿನಲ್ಲಿ ಎಣ್ಣೆ ಬೆಲೆ ನಾಲ್ಕು ಪಟ್ಟಾದಾಗ ಸೋವಿಯತ್ ಒಕ್ಕೂಟಕ್ಕೆ ಲಾಟರಿ ಹೊಡೆಯಬೇಕಿತ್ತು. ಪಶ್ಚಿಮದವರಿಗೆ ಮಾರಿದ ಎಣ್ಣೆಯಲ್ಲಿ ಹೊಡೆಯಿತು ಕೂಡ. ಮಿತ್ರ ದೇಶಗಳ ವಿಷಯದಲ್ಲಿ ಹಾಗಾಗಲಿಲ್ಲ. ಅವುಗಳಿಗೆ 1975ರಿಂದ ಹಿಂದಿನ ಐದು ವರ್ಷದ ಸರಾಸರಿ ಬೆಲೆಯಲ್ಲಿ ಕೊಡುವ ಏರ್ಪಾಡು. ಬೆಲೆ ಏರುತ್ತಾ ಹೋದಾಗ ಐದು ವರ್ಷದ ಸರಾಸರಿ ಯಾವಾಗಲೂ ಕೆಳಗೇ ಇರುತ್ತದೆ. ಬದಲಿಗೆ ಬಂದದ್ದು ಹಂಗೆರಿಯ ಇಕಾರಸ್ ಬಸ್ಸು, ಪೂರ್ವ ಜರ್ಮನಿಯ ರೈಲು ಬೋಗಿ ಇಂಥವು. ಕೆಟ್ಟ ಸಾಮಾನಲ್ಲ. ಆದರೆ ಎಣ್ಣೆ ಮಾರಿದರೆ ಬರುವ ಡಾಲರು ಬಸ್ಸಿಗೆ ಬರುತ್ತಿರಲಿಲ್ಲ. ಪೂರ್ವ ಜರ್ಮನಿಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅಗ್ಗದ ಸೋವಿಯತ್ ಎಣ್ಣೆಯನ್ನು ಶ್ವೆಟ್ ಊರಿನ ರಿಫೈನರಿಯಲ್ಲಿ ಸಂಸ್ಕರಿಸಿ, ಪೆಟ್ರೋಲು ಡೀಸೆಲ್ಲನ್ನು ಪಶ್ಚಿಮದವರಿಗೆ ಮಾರಿ ಡಾಲರು ಎಣಿಸಿಕೊಂಡರು. ಕ್ಯೂಬಾವೂ ತನಗೆ ಬಂದ ಎಣ್ಣೆಯನ್ನು ಮರುಮಾರಾಟ ಮಾಡಿತು. ಅದರ ಸಕ್ಕರೆಗೆ ಸೋವಿಯತ್ ಒಕ್ಕೂಟ ಮಾರುಕಟ್ಟೆ ಬೆಲೆಗಿಂತ ಎಷ್ಟೋ ಪಾಲು ಜಾಸ್ತಿ ಕೊಡುತ್ತಿತ್ತು. ಇದರ ಜೊತೆಗೆ ವಿಯೆಟ್ನಾಂ, ಇಥಿಯೋಪಿಯಾ, ಅಂಗೋಲಾ, ಮಂಗೋಲಿಯಾ. 1979ರ ಕೊನೆಯಿಂದ ಅಫ್ಘಾನಿಸ್ತಾನ. ಒಂಬತ್ತು ವರ್ಷದ ಆ ಯುದ್ಧದಲ್ಲಿ ಸುಮಾರು 15,000 ಸೋವಿಯತ್ ಹುಡುಗರು ಸತ್ತರು. ಸತ್ತ ಅಫ್ಘನ್ನರ ಲೆಕ್ಕ ಲಕ್ಷಗಳಲ್ಲಿದೆ.

ಈ ಪಟ್ಟಿಯಲ್ಲಿ ನಾವೂ ಇದ್ದೇವೆ. ಭಾರತ ಅವರ ಸಾಮ್ರಾಜ್ಯದ ಭಾಗವಾಗಿರಲಿಲ್ಲ ನಿಜ. ಆದರೆ ಮಿಗ್ ವಿಮಾನಕ್ಕೆ, ಭಿಲಾಯಿ ಉಕ್ಕಿನ ಕಾರ್ಖಾನೆಗೆ ಕಡಿಮೆ ಬಡ್ಡಿಯ ಸಾಲ ಸಿಕ್ಕಿತು. ಅದನ್ನು ಡಾಲರಿನಲ್ಲಿ ಅಲ್ಲ, ರೂಪಾಯಿಯಲ್ಲಿ ತೀರಿಸುವ ಸೌಲಭ್ಯ. ಆ ರೂಪಾಯಿಯಲ್ಲಿ ಅವರು ನಮ್ಮ ಚಹಾ, ತಂಬಾಕು, ಕೊಡಗು–ಚಿಕ್ಕಮಗಳೂರಿನ ಕಾಫಿ ಕೊಂಡರು. ಸೋವಿಯತ್ ಒಕ್ಕೂಟ ನಮ್ಮ ಕಾಫಿಯ ದೊಡ್ಡ ಗಿರಾಕಿಗಳಲ್ಲೊಂದು. ಇನ್ನು ಪುಸ್ತಕಗಳು. ಕೆಲವೇ ರೂಪಾಯಿಗೆ ಕನ್ನಡದಲ್ಲೂ ಸೋವಿಯತ್ ಪುಸ್ತಕಗಳು ಸಿಗುತ್ತಿದ್ದವು. ಅವರ ಪತ್ರಿಕೆಯ ನುಣುಪು ಹಾಳೆಯಲ್ಲಿ ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕಿದವರು ಈ ಸಭೆಯಲ್ಲೇ ಎಷ್ಟೋ ಜನ ಇದ್ದೀರಿ. ಅದೇ ಹೊತ್ತಿಗೆ ಸೋವಿಯತ್ ನಗರಗಳಲ್ಲಿ ಒಂದು ಏರ್ಪಾಡಿತ್ತು. 20 ಕಿಲೋ ಹಳೆ ಪೇಪರ್ ತಂದು ಕೊಟ್ಟರೆ ಒಂದು ಕೂಪನ್. ಆ ಕೂಪನ್ ಇದ್ದರೆ ಬೇಡಿಕೆಯ ಒಂದು ಕಾದಂಬರಿ ಕೊಳ್ಳಬಹುದು. ಅಷ್ಟು ಕಾಗದದ ಕೊರತೆ ಅಲ್ಲಿ. ನಮಗೆ ಸಿಕ್ಕ ಆ ಅಗ್ಗದ ಪುಸ್ತಕಗಳ ಬಗ್ಗೆ ನನಗೆ ಪ್ರೀತಿ ಇದೆ. ಅದರ ಬೆಲೆಯನ್ನು ಅಲ್ಲಿ ಯಾರೋ ಪೇಪರ್ ಕಟ್ಟು ಹೊತ್ತು ಕೊಟ್ಟಿದ್ದಾರೆ ಅನ್ನುವುದೂ ನೆನಪಿರಲಿ.

ಇಷ್ಟು ದಿನ ಇದೆಲ್ಲ ಹೇಗೆ ನಡೆಯಿತು? ಸೈಬೀರಿಯಾದ ಎಣ್ಣೆಯಿಂದ. ಅದಕ್ಕೂ ಗೋಧಿಗೂ ಇರುವ ನಂಟು ಹೇಳದೆ ಮುಂದೆ ಹೋಗಲಾರೆ.

1962ರ ಜೂನ್‌ನಲ್ಲಿ ಕ್ರುಶ್ಚೇವ್ ಸರ್ಕಾರ ಮಾಂಸದ ಬೆಲೆಯನ್ನು ಶೇ 30ರಷ್ಟು, ಬೆಣ್ಣೆಯ ಬೆಲೆಯನ್ನು ಶೇ 25ರಷ್ಟು ಏರಿಸಿತು. ದಕ್ಷಿಣದ ನೊವೊಚೆರ್ಕಾಸ್ಕ್ ಊರಿನ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಆಗಷ್ಟೇ ಕೂಲಿ ದರವನ್ನೂ ಕಡಿಮೆ ಮಾಡಿದ್ದರು. ಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಕಾರ್ಮಿಕರದ್ದೇ ರಾಜ್ಯ ಅಂತ ಹೇಳಿಕೊಳ್ಳುವ ದೇಶದಲ್ಲಿ ಕಾರ್ಮಿಕರ ಮೇಲೆ ಗುಂಡು ಹಾರಿತು. 20ಕ್ಕೂ ಜಾಸ್ತಿ ಜನ ಸತ್ತರು. ಹೆಣಗಳನ್ನು ರಾತ್ರೋರಾತ್ರಿ ದೂರದ ಸ್ಮಶಾನಗಳಲ್ಲಿ ಹೂತರು. 80ರ ದಶಕದ ಕೊನೆಯವರೆಗೂ ಇದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ಆಮೇಲೆ ಯಾವ ನಾಯಕನಿಗೂ ಬ್ರೆಡ್ಡಿನ, ಮಾಂಸದ ಬೆಲೆ ಮುಟ್ಟುವ ಧೈರ್ಯ ಬರಲಿಲ್ಲ. ಸಂಬಳ ಏರಿತು, ಬೆಲೆ ಹಾಗೇ ನಿಂತಿತು, ಅಂಗಡಿ ಖಾಲಿಯಾಯಿತು. ಸಾಮೂಹಿಕ ಬೇಸಾಯದ ಹೊಲಗಳಲ್ಲಿ ಬೆಳೆ ಸಾಕಾಗಲಿಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಜಗತ್ತಿಗೇ ಧಾನ್ಯ ಮಾರುತ್ತಿದ್ದ ನೆಲ ಅದು. 1963ರಲ್ಲಿ ಬೆಳೆ ಕೈಕೊಟ್ಟಾಗ ಚಿನ್ನ ಕೊಟ್ಟು ಕೆನಡಾ, ಅಮೆರಿಕಗಳಿಂದ ಗೋಧಿ ತರಿಸಿತು. 80ರ ದಶಕದ ಮಧ್ಯಕ್ಕೆ ಬರುವಾಗ ವರ್ಷಕ್ಕೆ 4 ಕೋಟಿ ಟನ್ನಿಗೂ ಜಾಸ್ತಿ ಧಾನ್ಯ ಹೊರಗಿನಿಂದ ಬರುತ್ತಿತ್ತು. ಯಾರ ವಿರುದ್ಧ ಕ್ಷಿಪಣಿ ನಿಲ್ಲಿಸಿದ್ದರೋ ಅವರ ಹೊಲದ ಗೋಧಿಯಿಂದ ಮಾಸ್ಕೋದ ಬ್ರೆಡ್ಡು. ಅದಕ್ಕೆ ಬೇಕಾದ ಡಾಲರು ಎಣ್ಣೆಯಿಂದಲೇ ಬರಬೇಕು. ಪ್ರಧಾನಿ ಕೊಸಿಗಿನ್ ಸೈಬೀರಿಯಾದ ಎಣ್ಣೆ ಇಲಾಖೆಯ ಮುಖ್ಯಸ್ಥ ಮುರಾವ್ಲೆಂಕೊಗೆ ಫೋನ್ ಮಾಡಿ, ಬ್ರೆಡ್ಡಿಗೆ ಕಷ್ಟವಾಗಿದೆ, ಪ್ಲಾನಿಗಿಂತ 30 ಲಕ್ಷ ಟನ್ ಜಾಸ್ತಿ ಎತ್ತಿಕೊಡು ಅಂತ ಕೇಳಿಕೊಳ್ಳುತ್ತಿದ್ದರಂತೆ. ಹೀಗೆ ಅವಸರದಲ್ಲಿ ಎತ್ತಿ ಎತ್ತಿ ಸಮೊತ್ಲೋರ್‌ನಂಥ ಮಹಾ ಎಣ್ಣೆ ನಿಕ್ಷೇಪಗಳೂ ಬೇಗ ಸೊರಗಿದವು.

1981ರ ಅಕ್ಟೋಬರ್‌ನಲ್ಲಿ ಈ ಗಂಟು ಬಿಗಿಯಾಯಿತು. ಬೆಳೆ ಮತ್ತೆ ಕೈಕೊಟ್ಟಿತ್ತು. ಪೂರ್ವ ಜರ್ಮನಿಗೆ ವರ್ಷಕ್ಕೆ ಕೊಡುತ್ತಿದ್ದ 1 ಕೋಟಿ 90 ಲಕ್ಷ ಟನ್ ಎಣ್ಣೆಯಲ್ಲಿ 20 ಲಕ್ಷ ಟನ್ ಕಡಿತ ಮಾಡಬೇಕಾಯಿತು. ಅಲ್ಲಿನ ನಾಯಕ ಹೊನೆಕರ್ ಇದು ನಮ್ಮ ದೇಶದ ಬುಡಕ್ಕೇ ಪೆಟ್ಟು ಅಂತ ಕೂಗಾಡಿದರು. ಮಾಸ್ಕೋದಿಂದ ಹೋದ ಪಕ್ಷದ ಕಾರ್ಯದರ್ಶಿ ರುಸಕೊವ್ ಹೇಳಿದ ಮಾತಿನ ಸಾರ ಇಷ್ಟು: ನಮ್ಮಲ್ಲಿ ದೊಡ್ಡ ಆಪತ್ತು ಬಂದಿದೆ, ಇದನ್ನು ನಮ್ಮ ಜೊತೆ ನೀವೂ ಹೊರದಿದ್ದರೆ ಜಗತ್ತಿನಲ್ಲಿ ಸೋವಿಯತ್ ಒಕ್ಕೂಟ ಈಗಿನ ಸ್ಥಾನ ಉಳಿಸಿಕೊಳ್ಳದ ಅಪಾಯ ಇದೆ. ಎರಡೇ ತಿಂಗಳಲ್ಲಿ ಪೋಲೆಂಡ್ ಪ್ರಶ್ನೆ ಬಂತು. ಡಿಸೆಂಬರ್ 10ರಂದು ಪಕ್ಷದ ಅತ್ಯುನ್ನತ ಸಮಿತಿಯಾದ ಪಾಲಿಟ್‌ಬ್ಯೂರೋ ಸಭೆಯಲ್ಲಿ, ಆಗ ಗುಪ್ತಚರ ಸಂಸ್ಥೆ ಕೆಜಿಬಿಯ ಮುಖ್ಯಸ್ಥರಾಗಿದ್ದ ಅದೇ ಆಂಡ್ರೊಪೊವ್, ಪೋಲೆಂಡ್ ಸರ್ಕಾರದ ವಿರುದ್ಧ ಎದ್ದಿದ್ದ ಕಾರ್ಮಿಕರ ಸಾಲಿಡಾರಿಟಿ ಸಂಘಟನೆಯ ಕೈಗೆ ಹೋದರೂ ಸರಿ, ಸೈನ್ಯ ಕಳಿಸಲಾಗದು, ಮೊದಲು ನಮ್ಮ ದೇಶ ನೋಡಿಕೊಳ್ಳಬೇಕು ಅಂದರು. ಬರ್ಲಿನ್ ಗೋಡೆ ಬೀಳಲು ಇನ್ನೂ ಎಂಟು ವರ್ಷ ಇತ್ತು. ಆದರೆ ಸಾಮ್ರಾಜ್ಯದ ಕೈ ಸೋತದ್ದು ಆ ಕೋಣೆಯಲ್ಲೇ ಅಂತ ನನಗೆ ಅನ್ನಿಸುತ್ತದೆ.

1985ರಲ್ಲಿ ಸೌದಿ ಅರೇಬಿಯಾ ಎಣ್ಣೆ ಉತ್ಪಾದನೆ ಏರಿಸಲು ತೀರ್ಮಾನಿಸಿತು. ಬ್ಯಾರೆಲ್ಲಿಗೆ 27 ಡಾಲರ್ ಆಸುಪಾಸು ಇದ್ದ ಬೆಲೆ 1986ರಲ್ಲಿ 10 ಡಾಲರ್ ಹತ್ತಿರಕ್ಕೆ ಕುಸಿಯಿತು. ಇನ್ನು ಉಳಿದದ್ದು ಸಾಲ.

1988ರ ಡಿಸೆಂಬರ್ 7ರಂದು ಗೋರ್ಬಚೇವ್ ವಿಶ್ವಸಂಸ್ಥೆಯಲ್ಲಿ ನಿಂತು ಸೇನೆಯಿಂದ 5 ಲಕ್ಷ ಜನರನ್ನು ಕಡಿಮೆ ಮಾಡುತ್ತೇವೆ ಅಂದರು. ಅದೇ ದಿನ ಅರ್ಮೇನಿಯಾದಲ್ಲಿ ಭೂಕಂಪ. ಕಳಪೆ ಕಾಂಕ್ರೀಟಿನ ಹೊಸ ಕಟ್ಟಡಗಳು ಕುಸಿದು ಸುಮಾರು 25,000 ಜನ ಸತ್ತರು. ಮಹಾಶಕ್ತಿ ಅನ್ನಿಸಿಕೊಂಡ ದೇಶ ಹೊರಗಿನವರಿಂದ ಕ್ರೇನು, ಔಷಧಿ, ವೈದ್ಯರನ್ನು ತರಿಸಿಕೊಂಡಿತು.

ಮರುವರ್ಷ ಜುಲೈನಲ್ಲಿ ಸೈಬೀರಿಯಾದ ಕುಜ್‌ಬಾಸ್ ಕಲ್ಲಿದ್ದಲು ಸೀಮೆಯ ಮೆಜ್ದುರೆಚೆನ್ಸ್ಕ್ ಊರಿನಲ್ಲಿ ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರ ಬೇಡಿಕೆಗಳ ಪಟ್ಟಿಯಲ್ಲಿ ಸೋಪಿತ್ತು. ಹೌದು, ಸೋಪು. ಪಾಳಿ ಮುಗಿಸಿ ಮಸಿ ಮೆತ್ತಿದ ಮೈಯಲ್ಲಿ ಮೇಲೆ ಬಂದರೆ ತೊಳೆದುಕೊಳ್ಳಲು ಸೋಪಿರಲಿಲ್ಲ. ಮುಷ್ಕರ ದಿನಗಳಲ್ಲೇ ಲಕ್ಷಾಂತರ ಜನಕ್ಕೆ ಹಬ್ಬಿತು. ಈ ಒಂದು ವಿವರವನ್ನು ಓದಿದಾಗೆಲ್ಲ ನನಗೆ ಹೊಟ್ಟೆ ತೊಳಸಿದಂತಾಗುತ್ತದೆ. ಆ ಕಲ್ಲಿದ್ದಲೇ ಉಕ್ಕಾಗಿ, ಆ ಉಕ್ಕೇ ಟ್ಯಾಂಕಾಗಿ ಜರ್ಮನಿಯಲ್ಲಿ ನಿಂತಿತ್ತು.

ಆ ಟ್ಯಾಂಕುಗಳನ್ನು ಮನೆಗೆ ಕರೆತರಲೂ ದುಡ್ಡಿರಲಿಲ್ಲ. ಪೂರ್ವ ಜರ್ಮನಿಯಲ್ಲಿ 3 ಲಕ್ಷಕ್ಕೂ ಜಾಸ್ತಿ ಸೈನಿಕರು, ಅವರ ಹೆಂಡತಿ ಮಕ್ಕಳು. ವಾಪಸ್ ಬಂದರೆ ಇರಲು ಮನೆ ಇಲ್ಲ. 1990ರಲ್ಲಿ ಜರ್ಮನಿಯೇ 1,200 ಕೋಟಿ ಮಾರ್ಕ್ ಕೊಟ್ಟಿತು. ಮೇಲೆ 300 ಕೋಟಿ ಬಡ್ಡಿಯಿಲ್ಲದ ಸಾಲ. ಅದರಲ್ಲಿ ದೊಡ್ಡ ಪಾಲು ವಾಪಸಾಗುವ ಸೈನಿಕರಿಗೆ ಮನೆ ಕಟ್ಟಲು. 45 ವರ್ಷ ಹಿಂದೆ ಸೋತ ದೇಶ, ಗೆದ್ದ ಸೇನೆಯ ಊರು ಸೇರುವ ಖರ್ಚು ಕೊಟ್ಟಿತು. ಆದರೂ ಎಷ್ಟೋ ಅಧಿಕಾರಿಗಳ ಸಂಸಾರಗಳು ಮೊದಲ ಚಳಿಗಾಲಗಳನ್ನು ಬ್ಯಾರಕ್ಕಿನಲ್ಲಿ, ಟೆಂಟಿನಲ್ಲಿ ಕಳೆದವು.

ಇದನ್ನೆಲ್ಲ ಕೇಳಿದ ಮೇಲೆ ನಿಮಗೆ ಒಂದು ಪ್ರಶ್ನೆ ಬರಬಹುದು. ಶತ್ರು ಕ್ಷಿಪಣಿಗಳನ್ನು ಆಕಾಶದಲ್ಲೇ ತಡೆಯುವ ರೇಗನ್ ಅವರ ಸ್ಟಾರ್ ವಾರ್ಸ್ ಯೋಜನೆಯೇ ಅಲ್ವಾ ಸೋವಿಯತ್ ಒಕ್ಕೂಟವನ್ನು ದಿವಾಳಿ ಮಾಡಿದ್ದು ಅಂತ. ಹಾಗೆ ಹೇಳುವವರು ಬಹಳ ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ಆ ಯೋಜನೆ ಘೋಷಣೆಯಾದದ್ದು 1983ರಲ್ಲಿ. ಅದಾದ ಮೇಲೆ ಸೋವಿಯತ್ ರಕ್ಷಣಾ ಖರ್ಚು ದಿಢೀರ್ ಅಂತ ಜಿಗಿದದ್ದಕ್ಕೆ ಸಾಕ್ಷಿ ಇಲ್ಲ. ಹೊರೆ ಅದಕ್ಕೂ ಎಷ್ಟೋ ಮುಂಚಿನದು. ಹೊರಗಿನವರು ಓಡಿಸಿದ್ದಕ್ಕಿಂತ ಒಳಗೇ ನಿಲ್ಲಿಸಲಾಗದೆ ಓಡಿದ್ದು ಜಾಸ್ತಿ.

ಗೋರ್ಬಚೇವ್ ಅವರ ಸಲಹೆಗಾರ ಶಾಖ್ನಜಾರೊವ್ ಒಮ್ಮೆ ಸೇನಾ ಮುಖ್ಯಸ್ಥ ಮಾರ್ಷಲ್ ಅಖ್ರೊಮೆಯೆವ್ ಅವರನ್ನು ನೇರವಾಗಿ ಕೇಳಿದರಂತೆ, ಇಷ್ಟೊಂದು ಆಯುಧ ಯಾಕೆ ಮಾಡಬೇಕು ಅಂತ. ಅಷ್ಟು ತ್ಯಾಗ ಮಾಡಿ ಅಮೆರಿಕದವರಿಗೆ ಸಮನಾದ ಕಾರ್ಖಾನೆ ಕಟ್ಟಿದ್ದೇವೆ, ಈಗ ಅವನ್ನು ನಿಲ್ಲಿಸಿ ಪಾತ್ರೆ ಮಾಡಿಸಬೇಕೇ ಅಂತ ಮಾರ್ಷಲ್ ತಿರುಗಿ ಕೇಳಿದರಂತೆ. ಅವರು ಕೆಟ್ಟವರಲ್ಲ. ಲೆನಿನ್‌ಗ್ರಾಡ್ ಮುತ್ತಿಗೆಯ ಕಾಲದಲ್ಲಿ ಹೋರಾಡಿದವರು. 1991ರ ಆಗಸ್ಟ್‌ನಲ್ಲಿ, ಗೋರ್ಬಚೇವ್ ವಿರುದ್ಧದ ದಂಗೆ ವಿಫಲವಾದ ಮೇಲೆ, ತಮ್ಮ ಕೈಯಾರೆ ಪ್ರಾಣ ಬಿಟ್ಟರು. ಅವರ ಮಾತಿನಲ್ಲಿ ಒಂದು ಸತ್ಯ ಇದೆ. ಆ ಕಾರ್ಖಾನೆಗಳ ಸುತ್ತ ಊರಿಗೆ ಊರೇ ಬೆಳೆದಿತ್ತು. ಶಾಲೆ, ಆಸ್ಪತ್ರೆ, ಮನೆಗೆ ಬಿಸಿನೀರು ಎಲ್ಲವೂ ಕಾರ್ಖಾನೆಯದ್ದೇ. 1992ರಲ್ಲಿ ರಷ್ಯಾದ ಹೊಸ ಸರ್ಕಾರ ಆಯುಧ ಖರೀದಿಯನ್ನು ಒಂದೇ ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಕಡಿತ ಮಾಡಿತು. ಆ ಊರುಗಳಲ್ಲಿ ತಿಂಗಳುಗಟ್ಟಲೆ ಸಂಬಳ ಆಗಲಿಲ್ಲ. ಟ್ಯಾಂಕು ಮಾಡುವಾಗಲೂ ಖರ್ಚು ಕೊಟ್ಟವರು ಅದೇ ಜನ, ನಿಲ್ಲಿಸಿದಾಗಲೂ ಅದೇ ಜನ. ಎರಡು ಸಲವೂ ಅವರನ್ನು ಯಾರೂ ಕೇಳಲಿಲ್ಲ.